ಒಣಗದ ಆಜ್ಞೆ

ಸೀಮೆಎಣ್ಣೆಯಲ್ಲಿ ಅದ್ದಿದ ಬ್ರಷ್ಷಿನಿಂದ ಹಿಂದಿನ ದಿನದ ಅಚ್ಚುಮೊಳೆಗಳನ್ನು ತಿಕ್ಕುತ್ತಿದ್ದೆ. ನಾಲ್ಕನೆಯ ಪುಟದ್ದು ಮುಗಿದಿತ್ತು, ಮೂರನೆಯದು ಅರ್ಧಕ್ಕೆ ಬಂದಿತ್ತು. ತಿಕ್ಕಿ, ಬಟ್ಟೆಯಲ್ಲಿ ಒರೆಸಿ, ಒಂದೊಂದು ಅಕ್ಷರವನ್ನೂ ಅದರದರ ಖಾನೆಗೆ ಹಾಕುವುದು ಅಚ್ಚುಕೂಟದಲ್ಲಿ ನನ್ನ ದಿನದ ಮೊದಲ ಕೆಲಸ. ಅಕ್ಕಿ ಆರಿಸಿದ ಹಾಗೆ ಮಾಡಬೇಕು. ಅವಸರ ಮಾಡಿದರೆ ಮರುದಿನದ ಪತ್ರಿಕೆಯಲ್ಲಿ ಇಡೀ ಊರು ಕಲ್ಲು ಕಡಿಯಬೇಕಾಗುತ್ತದೆ. ಸರ್ಕಾರಿ ಕಚೇರಿಯ ಪಟ್ಟೇವಾಲ ಭೀಮಪ್ಪ ಒಳಗೆ ಬಂದು, ತಪಾಸಣೆಯಾಗಿ ವಾಪಸು ಬಂದ ಕರಡಚ್ಚನ್ನು ನನ್ನ ಮುಂದಿಟ್ಟ.

“ಒಂದ ಸಾಲು ಹೊಡದಾರ ನೋಡಬೇ ಸಾವಂತ್ರವ್ವ. ಈ ಸಲ ಕಡಿಮಿ.”

ಹೌದು, ಕಡಿಮೆಯೇ. ನಾಲ್ಕೇ ನಾಲ್ಕು ಮಾತು. ಸರ್ಕಾರದ ಹತ್ತಿ ಮಳಿಗೆಗೆ ಬೆಂಕಿ ಬಿದ್ದು ಹನ್ನೊಂದು ಹೆಣ್ಣುಮಕ್ಕಳು ಸತ್ತ ಸುದ್ದಿ ಅದು. ಸತ್ತವರ ಹೆಸರುಗಳನ್ನು ಹೊಡೆಯದೆ ಬಿಟ್ಟಿದ್ದರು. ಬೆಂಕಿ ಬಿದ್ದ ಹೊತ್ತನ್ನು ಬಿಟ್ಟಿದ್ದರು, ಸುಟ್ಟ ಅರಳೆಯ ತೂಕವನ್ನೂ ಬಿಟ್ಟಿದ್ದರು. ‘ಬಾಗಿಲಿಗೆ ಹೊರಗಿನಿಂದ ಬೀಗ ಹಾಕಲಾಗಿತ್ತು’ ಎಂಬುದರ ಮೇಲೆ ಮಾತ್ರ ತಪಾಸಣೆಯ ಅಧಿಕಾರಿ ನಿಂಬಾಳಕರ ಸಾಹೇಬರ ಕೆಂಪು ಪೆನ್ಸಿಲು ಎರಡು ಸಲ ಹರಿದಿತ್ತು. ಹನ್ನೊಂದು ಹೆಸರುಗಳಲ್ಲಿ ಏಳನೆಯದು ಇಂದ್ರವ್ವ. ನನ್ನ ತಂಗಿಯ ಮಗಳು. ನನ್ನ ಮನೆಯಲ್ಲೇ ಉಂಡು, ನನ್ನ ಮನೆಯಿಂದಲೇ ಕೆಲಸಕ್ಕೆ ಹೋಗುತ್ತಿದ್ದವಳು. ಆ ಹೆಸರಿನ ಮೊಳೆಗಳನ್ನು ಜೋಡಿಸಿದವಳೂ ನಾನೇ.

ಆ ನಾಲ್ಕು ಮಾತು ನಿಜವೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಕರಡು ತೆಗೆದ ದಿನ ಅದು ನನ್ನ ಕಣ್ಣೆದುರಿಗೇ, ರೆಪ್ಪೆ ಬಡಿಯುವುದರೊಳಗೆ ಒಣಗಿತ್ತು.

ನಮ್ಮೂರಿನಲ್ಲಿ ಸುಳ್ಳು ಬರೆದ ಶಾಯಿ ಒಣಗುವುದಿಲ್ಲ. ಮುತ್ತಜ್ಜನ ಕಾಲದಲ್ಲೂ ಒಣಗುತ್ತಿರಲಿಲ್ಲವಂತೆ. ತುಪ್ಪದಂಗಡಿಯವರು ‘ಅಪ್ಪಟ ತುಪ್ಪ’ ಎಂದು ಗೋಡೆಗೆ ಬರೆಸಿ, ಆರು ತಿಂಗಳು ಬಣ್ಣ ಕಟ್ಟೆಯ ತನಕ ಸೋರಿದ್ದನ್ನು ನೋಡಿ, ಕೊನೆಗೆ ‘ತುಪ್ಪ, ಸ್ವಲ್ಪ ಡಾಲ್ಡಾ ಉಂಟು’ ಎಂದು ಬರೆಸಿಕೊಂಡರು. ವ್ಯಾಪಾರ ಏನೂ ಕಡಿಮೆಯಾಗಲಿಲ್ಲ. ಮುಂದೆ ಆಗಬೇಕಾದದ್ದನ್ನು ಬರೆದರೆ ಅದು ಒಣಗಲು ಆ ದಿನವೇ ಬರಬೇಕು. ಹಾಗಾಗಿ ಲಗ್ನಪತ್ರಿಕೆಗಳನ್ನು ನಮ್ಮಲ್ಲಿ ಹಸಿ ಹಪ್ಪಳದಂತೆ ತಟ್ಟೆಯಲ್ಲಿ ಹರಡಿಕೊಂಡು ಹಂಚುತ್ತಾರೆ. ಅಕ್ಷತೆ ಬಿದ್ದ ಗಳಿಗೆಗೆ ಊರಿನ ಮನೆಮನೆಯಲ್ಲಿ ಅವು ಒಮ್ಮೆಲೇ ಒಣಗುತ್ತವೆ. ಅರ್ಧ ನಿಜ ಬರೆದರೆ ಬೆಲ್ಲದ ಪಾಕದಂತೆ ಅಂಟಂಟು. ಚುನಾವಣೆ ಬಂದರೆ ಮಡಿವಾಳರು ಅಂಗಿಗೆ ಎರಡರಷ್ಟು ಕೂಲಿ ಕೇಳುತ್ತಾರೆ, ಯಾರೂ ಚೌಕಾಶಿ ಮಾಡುವುದಿಲ್ಲ. ಬಾಯಿಮಾತಿಗೆ ಮಾತ್ರ ಈ ತೊಡಕಿಲ್ಲ. ಬಾಯಲ್ಲಿ ಯಾರು ಏನನ್ನಾದರೂ ಹೇಳಬಹುದು. ಅದಕ್ಕೇ ನಮ್ಮೂರಿನಲ್ಲಿ ಬಾಯಿಮಾತಿಗೆ ಬೆಲೆಯೂ ಇಲ್ಲ.

ಇಂಥ ಊರನ್ನು ಆಳುವ ಸರ್ಕಾರದ ಕಷ್ಟ ನೀವೇ ಊಹಿಸಿ. ಬರೆದ ಸುಳ್ಳು ಒಣಗುವುದಿಲ್ಲ, ಆದರೆ ಬರೆಯದೆ ಬಿಟ್ಟ ನಿಜಕ್ಕೆ ಹಸಿಯೂ ಇಲ್ಲ, ಒಣಗುವುದೂ ಇಲ್ಲ. ಅದನ್ನು ಕಂಡುಕೊಂಡವರು ಯಾರೋ ಜಾಣರು. ಅಂದಿನಿಂದ ಬರೆಯುವ ಕಚೇರಿಯನ್ನು ಮುಚ್ಚಿ ಹೊಡೆಯುವ ಕಚೇರಿ ತೆರೆದರು. ಅಲ್ಲಿಗೆ ಬಂದ ಅಧಿಕಾರಿಯೇ ನಿಂಬಾಳಕರ ಸಾಹೇಬರು. ಕೆಟ್ಟ ಮನುಷ್ಯರಲ್ಲ. ಸರ್ಕಾರದ ಹಸಿ ಕಾಗದಗಳನ್ನು ದಿನವಿಡೀ ಹಿಡಿಯುವವರಾದ್ದರಿಂದ ಬೆರಳು ಸದಾ ಕಪ್ಪು. ಹೆಗಲ ಮೇಲಿನ ಟವೆಲ್ಲಿಗೆ ಒರೆಸಿಕೊಳ್ಳುತ್ತಲೇ ಮಾತಾಡುವರು.

ನಮ್ಮ ಪತ್ರಿಕೆಯ ಹೆಸರು ‘ಡಂಗುರ’. ಸಂಪಾದಕರು ಅಡಿವೆಪ್ಪ ಮಾಸ್ತರು. ನಾನು ನಲವತ್ತಮೂರನೆಯ ವಯಸ್ಸಿನಲ್ಲಿ, ದೀಪ ಹಚ್ಚಿದ ಮೇಲೆ ನಡೆಯುತ್ತಿದ್ದ ಹೆಂಗಸರ ಶಾಲೆಯಲ್ಲಿ ಅಕ್ಷರ ಕಲಿತದ್ದು ಅವರ ಕೈಯಲ್ಲೇ. ಕಚೇರಿ ಹೊಡೆದ ಸಾಲಿನ ಜಾಗವನ್ನು ಅವರು ಮುಚ್ಚಗೊಡುತ್ತಿರಲಿಲ್ಲ. “ಹಲ್ಲು ಕಿತ್ತಾರ ಅನ್ನೂದು ಬಾಯಿ ತಗದವ್ರಿಗೆ ಕಾಣಬೇಕು” ಎನ್ನುವರು. ಹಾಗಾಗಿ ನಮ್ಮ ಪತ್ರಿಕೆಯಲ್ಲಿ ಅಲ್ಲಲ್ಲಿ ಬಿಳಿ ತೇಪೆಗಳು. ಓದುಗರಿಗೂ ರೂಢಿಯಾಗಿತ್ತು, ಬಿಳಿ ಕಂಡಲ್ಲಿ ಒಮ್ಮೆ ಕೆಮ್ಮಿ ಮುಂದಿನ ಸಾಲಿಗೆ ಹೋಗುವರು.

ಆ ದಿನವೂ ನಾಲ್ಕು ಮಾತಿನ ಮೊಳೆಗಳನ್ನು ಕಿತ್ತು, ಆ ಜಾಗಕ್ಕೆ ಖಾಲಿ ಮೊಳೆ ತುಂಬಿದೆ. ಮಾತು ಮಾತಿನ ನಡುವೆ ಹಾಕುವ ಸಣ್ಣ ಮೊಳೆಗಳನ್ನು ಮಾತ್ರ ಪೂರ್ತಿ ಒತ್ತದೆ ಬಿಟ್ಟೆ. ಒತ್ತದಿದ್ದರೆ ಅವು ತಲೆ ಎತ್ತಿಕೊಂಡು ಶಾಯಿ ಹಿಡಿದು ಒಂದೊಂದು ಗೀಟು ಮೂಡಿಸುತ್ತವೆ. ಅಚ್ಚುಕೂಟದಲ್ಲಿ ಇದು ಹೊಸಬರು ಮಾಡುವ ತಪ್ಪು. ನನ್ನದು ಹೊಸಗೈಯಲ್ಲ. ಯಂತ್ರ ತಿರುಗಿಸುವ ಹುಸೇನಸಾಬ ಮೊದಲ ಹಾಳೆಯನ್ನು ಎತ್ತಿ ನೋಡಿ, ಬಿಳಿ ತೇಪೆಯೊಳಗಿನ ಮೂರು ಗೀಟುಗಳನ್ನು ನೋಡಿ, ನನ್ನನ್ನು ನೋಡಿದ.

“ಕಣ್ಣು ಮಂಜಾಗ್ಯಾವೇನ ಸಾವಂತ್ರಕ್ಕ?”

“ವಯಸ್ಸಾತಲ್ಲೋ ಹುಸೇನಪ್ಪ.”

“ಆತು ಬಿಡು. ನನಗೂ ಆಗೇತಿ” ಎಂದು ಯಂತ್ರ ತಿರುಗಿಸಿದ.

ಇಷ್ಟರಲ್ಲಿ ಬಾಯಿಮಾತು ಊರೆಲ್ಲ ಹಬ್ಬಿತ್ತು. ಹಬ್ಬಿಸಿದವರು ಮಳಿಗೆಯ ಉಸ್ತುವಾರಿ ನೋಡುವ ದಾರೋಗರು. ಮಧ್ಯಾಹ್ನದ ಪಾಳಿಯಲ್ಲಿ ಚಹಾ ಕಾಸುವವಳು ಇಂದ್ರವ್ವ. ಅವಳು ಒಲೆ ಆರಿಸದೆ ಮಲಗಿದ್ದಳಂತೆ, ಕಿಡಿ ಹತ್ತಿಗೆ ಹಾರಿತಂತೆ. ಆ ಮಾತು ಹೊಳೆಯನ್ನೂ ದಾಟಿತು. ಎಂಟು ದಿನಕ್ಕೆ ಹೊಳೆಯಾಚೆಯಿಂದ ತಂಗಿ ಪಾರವ್ವನ ಕಾಗದ ಬಂತು, ಯಾರ ಕೈಯಲ್ಲೋ ಬರೆಸಿದ್ದು: ‘ಅಕ್ಕಾ, ನನ್ನ ಮಗಳೇ ಬೆಂಕಿ ಹಚ್ಚಿದಳು ಅನ್ನುತ್ತಾರೆ. ಅವಳಿಗೆ ಎಡೆ ಇಡಲೋ, ಉಳಿದ ಹತ್ತು ಮನೆಯವರ ಕಾಲು ಹಿಡಿಯಲೋ ತಿಳಿಯದಾಗಿದೆ. ನಿಮ್ಮೂರಿನ ಒಣಗಿದ ಅಕ್ಷರದಲ್ಲಿ ಒಂದು ಸಾಲು ಬರೆದು ಕಳಿಸು. ಬಾಯಿಮಾತು ಹೇಳಿ ಕಳಿಸಬೇಡ, ಇಲ್ಲಿ ಯಾರೂ ನಂಬುವುದಿಲ್ಲ. ನಾನೂ ನಂಬಲಾರೆ.’

ಅಂದೇ ಬರೆದೆ. ‘ಇಂದ್ರವ್ವ ಬೆಂಕಿ ಹಚ್ಚಲಿಲ್ಲ. ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿತ್ತು.’ ಬರೆಬರೆಯುತ್ತಲೇ ಒಣಗಿತು. ಅಂಚೆ ಕಚೇರಿಗೆ ಹೋದರೆ ಅಂಚೆ ಮಾಸ್ತರು ಓದಿ, ಹೆಬ್ಬೆರಳು ಆಡಿಸಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಒಣಗೇದವ್ವ. ನಾ ಇಲ್ಲ ಅನ್ನಂಗಿಲ್ಲ. ಆದ್ರ ಕಚೇರಿ ಮುದ್ರಿ ಬಿದ್ದು ಅಚ್ಚಾಗದ ಸುದ್ದಿ ಅಂಚಿಯೊಳಗ ಹೋಗಂಗಿಲ್ಲ. ಹೊಳಿ ನಾಕಾದಾಗೂ ಹಂಗ, ಚೀಲ ಬಿಚ್ಚಿ ನೋಡ್ತಾರ. ನೀ ಸುಮ್ನ ‘ಎಲ್ಲಾರೂ ಆರಾಮ’ ಅಂತ ಬರಿ, ಈಗಿಂದೀಗ ಕಳಸ್ತೀನಿ.”

“ಅದು ಒಣಗಂಗಿಲ್ರಿ ಮಾಸ್ತರ.”

“ಅದೂ ಖರೇನ” ಎಂದು ಅವರು ನನ್ನ ಕಾಗದವನ್ನು ನನ್ನ ಕೈಗೇ ಕೊಟ್ಟರು. ಕಚೇರಿಗೆ ಕೊಡಬೇಕಾಗಿತ್ತು, ಕೊಡಲಿಲ್ಲ. ಅಷ್ಟು ದೊಡ್ಡಸ್ತಿಕೆ ಅವರದು.

ಒಂಬತ್ತನೆಯ ದಿನವಿರಬೇಕು, ಯಂಕೋಬನ ಚಹಾದಂಗಡಿಯಲ್ಲಿ ಗದ್ದಲವೆದ್ದಿತು. ಅಲ್ಲಿ ಪತ್ರಿಕೆಗಳನ್ನು ದಾರಕ್ಕೆ ನೇತುಹಾಕುವ ರೂಢಿ, ಬಾಕಿಯವರ ಹೆಸರು ಬರೆಯಲು ಪಕ್ಕದಲ್ಲೊಂದು ಪೆನ್ನು. ಬೆಂಕಿಯ ಸುದ್ದಿಯ ಬಿಳಿ ತೇಪೆಯನ್ನೂ ಮೂರು ಗೀಟನ್ನೂ ದಿಟ್ಟಿಸುತ್ತ ಕುಳಿತಿದ್ದ ದರ್ಜಿಯೊಬ್ಬ ತಮಾಷೆಗೆಂದು ಅಲ್ಲಿ ‘ಒಲೆಯ ಕಿಡಿ ಹತ್ತಿಗೆ ಹಾರಿತು’ ಎಂದು ಬರೆದನಂತೆ. ಶಾಯಿ ಸುರಿದು ಕೆಳಗಿನ ಮದುವೆ ಸುದ್ದಿಯ ಮೇಲೆ ಹರಿಯಿತು. ಇನ್ನೊಬ್ಬ ಇನ್ನೊಂದು ಹಾಳೆಯಲ್ಲಿ ಬೀಡಿ ಎಂದು ಬರೆದ, ಅದೂ ಹರಿಯಿತು. ಸಿಡಿಲು ಎಂದರು, ಇಲ್ಲ. ದೆವ್ವ ಎಂದರು, ಅದಂತೂ ಗೋಡೆಗೇ ಸಿಡಿಯಿತು. ಆ ಹೊತ್ತಿಗೆ ಹುಲಿಗೆವ್ವ ಬಂದಳು. ಅದೇ ಮಳಿಗೆಯ ಮುಂಜಾನೆಯ ಪಾಳಿಯವಳು, ಗಟ್ಟಿ ದನಿಯ ಹೆಂಗಸು.

“ಬರೀರೋ ಯಾರರ. ‘ಬಾಗಿಲಿಗೆ ಹೊರಗಿಂದ ಬೀಗ ಹಾಕಿತ್ತು’ ಅಂತ ಬರೀರಿ. ಬ್ಯಾರೆ ದಿನ ಹಾಕ್ತಿದ್ರು. ಹೊತ್ತಿಗೆ ಮುಂಚೆ ಹೆಣಮಕ್ಳು ಮನಿಗೆ ಹೋಗಬಾರದು ಅಂತ. ಅವತ್ತ ಹಾಕಿರಲಿಲ್ಲ ಅಂತಾನ ದಾರೋಗ. ಹೌದೋ ಅಲ್ಲೋ ಹೇಳಾಕ ಒಳಗಿದ್ದಾಕಿ ಒಬ್ಬಾಕಿನೂ ಉಳದಿಲ್ಲ. ಶಾಯಿನ ಹೇಳಲಿ.”

ದರ್ಜಿ ಬರೆದ. ಗೀಟಿನಿಂದ ಗೀಟಿಗೆ ನಾಲ್ಕು ಮಾತು ಸರಿಯಾಗಿ ಕುಳಿತವು. ಹುಲಿಗೆವ್ವ ತನ್ನ ಅಂಗೈಯನ್ನೇ ಅದರ ಮೇಲೆ ಒತ್ತಿ ಎಳೆದಳು. ಅಂಗೈ ತೊಳೆದಿಟ್ಟಂತೆ ಬಂತು. ಚಹಾದಂಗಡಿಯಲ್ಲಿ ಅರಚಾಟ ಶುರುವಾಯಿತು. ಅಚ್ಚುಕೂಟದಲ್ಲಿದ್ದ ನಮಗೂ ಕೇಳಿಸಿತು. ಮಾಸ್ತರು ತಲೆ ಎತ್ತಿ, “ಏನದು?” ಎಂದರು. ನಾನು ಕೆಲಸ ಬಿಡದೆ, “ಯಾರೋ ಪತ್ರಿಕೆ ಓದಾಕತ್ಯಾರ್ರಿ” ಎಂದೆ.

ಅಂದಿನಿಂದ ಊರಿನವರಿಗೆ ಬಿಳಿ ತೇಪೆ ಓದಲು ಬಂತು. ಕಚೇರಿ ಏನು ಹೊಡೆದರೂ ಅಂಗಡಿಯಲ್ಲಿ ನಾಲ್ಕು ಜನ ಕುಳಿತು ಒಂದೊಂದು ಊಹೆ ಬರೆದು, ಒಣಗಿದ್ದನ್ನು ಇಟ್ಟುಕೊಂಡು, ಹರಿದದ್ದನ್ನು ಒಲೆಗೆ ಹಾಕುವರು. ನಿಂಬಾಳಕರ ಸಾಹೇಬರಿಗೆ ಇದು ತಿಳಿಯಲು ಒಂದು ತಿಂಗಳು ಹಿಡಿಯಿತು. ತಿಳಿದ ಕೂಡಲೇ ಹುಕುಂ ಬಂತು: ಪತ್ರಿಕೆಯಲ್ಲಿ ಒಂದು ಬೆರಳಿನಷ್ಟೂ ಖಾಲಿ ಬಿಡಕೂಡದು. ಹೊಡೆದ ಜಾಗವನ್ನು ಈಗಾಗಲೇ ಮುದ್ರೆ ಬಿದ್ದು ಅಚ್ಚಾದ ವಿಷಯದಿಂದಲೇ ತುಂಬಬೇಕು.

ಮಾಸ್ತರು ಹುಕುಮನ್ನು ಎರಡು ಸಲ ಓದಿದರು. ಆಮೇಲೆ ನನ್ನ ಕಡೆ ತಿರುಗಿ, “ಸಾವಂತ್ರವ್ವ, ಆ ಹನ್ನೊಂದು ಹೆಸರಿಗೆ ಮುದ್ರಿ ಬಿದ್ದಿತ್ತಲ್ಲ?” ಎಂದು ಕೇಳಿದರು.

“ಬಿದ್ದಿತ್ರಿ.”

“ಅವನ್ನ ಹಾಕು.”

ಹಾಕಿದೆ. ಕಚೇರಿ ಏನನ್ನು ಹೊಡೆದರೂ ಅಲ್ಲಿ ಹನ್ನೊಂದು ಹೆಸರು. ಗೋಧಿಯ ಧಾರಣೆ ಹೊಡೆದರೆ ಹನ್ನೊಂದು ಹೆಸರು, ಸೇತುವೆಯ ಬಿರುಕು ಹೊಡೆದರೆ ಹನ್ನೊಂದು ಹೆಸರು. ಕೆಲವು ದಿನ ಒಂದೇ ಪುಟದಲ್ಲಿ ಮೂರು ಸಲ. ಒಮ್ಮೆ ಮುದ್ರೆ ಒತ್ತಿ ಬಿಟ್ಟದ್ದನ್ನು ಇನ್ನೊಮ್ಮೆ ಹೊಡೆಯಲು ಕಚೇರಿಗೆ ದಾರಿಯಿರಲಿಲ್ಲ. ಆ ಹನ್ನೊಂದು ಸಾಲಿನ ಮೊಳೆಗಳನ್ನು ನಾನು ಬಿಚ್ಚುವುದನ್ನೇ ಬಿಟ್ಟೆ. ದಾರ ಕಟ್ಟಿ ಹಾಗೇ ಇಟ್ಟುಕೊಂಡಿದ್ದೆ. ಐದೂವರೆ ತಿಂಗಳು ನಡೆಯಿತು. ಊರಿನ ಸಣ್ಣ ಮಕ್ಕಳೂ ಆ ಹೆಸರುಗಳನ್ನು ಮಗ್ಗಿಯ ಹಾಗೆ ಹೇಳತೊಡಗಿದವು. ನನ್ನ ಕಾಗದ ಮಾತ್ರ ಟ್ರಂಕಿನಲ್ಲಿತ್ತು. ಪಾರವ್ವ ಎರಡನೆಯ ಸಲ ಬರೆಸಲಿಲ್ಲ. ನಾನೂ ಮಗಳ ತಪ್ಪನ್ನು ಒಪ್ಪಿಕೊಂಡೇ ಸುಮ್ಮನಿದ್ದೇನೆಂದು ತಿಳಿದಿದ್ದಾಳೆ ಅನ್ನಿಸಿದಾಗಲೆಲ್ಲ ಟ್ರಂಕು ತೆರೆದು ಆ ಕಾಗದದ ಮೇಲೆ ಬೆರಳಾಡಿಸುತ್ತಿದ್ದೆ.

ಏಳನೆಯ ತಿಂಗಳು ಒಂದು ಮುಂಜಾನೆ ನಿಂಬಾಳಕರ ಸಾಹೇಬರು ತಾವೇ ಬಂದರು. ಹಿಂದೆ ಭೀಮಪ್ಪ, ಅವನ ಕೈಯಲ್ಲಿ ಸರ್ಕಾರದ ಮುದ್ರೆಯ ಪೆಟ್ಟಿಗೆ, ಸೊಂಟದಲ್ಲಿ ಹಿತ್ತಾಳೆಯ ಬೀಗ.

“ಮಾಸ್ತರ, ಮ್ಯಾಲಿಂದ ಹುಕುಂ ಬಂದದ. ಡಂಗುರ ಮುಚ್ಚಬೇಕು.”

“ಮುಚ್ಚರಿ” ಎಂದರು ಮಾಸ್ತರು. “ಆಜ್ಞೆ ಎಲ್ಲೈತಿ?”

ಆಜ್ಞೆ ಇರಲಿಲ್ಲ. ಊರಿಗಿದ್ದದ್ದು ನಮ್ಮದೊಂದೇ ಅಚ್ಚುಕೂಟ. ನಮ್ಮನ್ನು ಮುಚ್ಚುವ ಆಜ್ಞೆಯನ್ನೂ ನಾವೇ ಅಚ್ಚು ಹಾಕಬೇಕು. ಹಳೆಯ ಕಾನೂನು ಎಲ್ಲರಿಗೂ ಗೊತ್ತಿದ್ದದ್ದೇ: ಆಜ್ಞೆಯಲ್ಲಿ ಕಾರಣವನ್ನು ಓದಿದವರಿಗೆ ತಿಳಿಯುವಂತೆ ಬಿಡಿಸಿ ಬರೆಯಬೇಕು, ಕಾರಣ ಒಣಗಿದ ಮೇಲೆ ಮುದ್ರೆ ಒತ್ತಬೇಕು, ಚಾವಡಿಯ ಗೋಡೆಗೆ ಹಚ್ಚಿದ ದಿನವೇ ಹೊತ್ತು ಮುಳುಗುವುದರೊಳಗೆ ಕೊನೆಯ ಅಕ್ಷರದ ತನಕ ಒಣಗಬೇಕು. ಇಲ್ಲದಿದ್ದರೆ ಆಜ್ಞೆ ಬಿದ್ದುಹೋದಂತೆ.

“ಇವತ್ತ ಮುಗೀಬೇಕು” ಎಂದು ಸಾಹೇಬರು ಸ್ಟೂಲಿನ ಮೇಲೆ ಕುಳಿತರು. “ಜೋಡಸವಾ. ‘ಸಾರ್ವಜನಿಕ ಶಾಂತಿಗೆ ಭಂಗ ತಂದ ಕಾರಣ ಡಂಗುರ ಪತ್ರಿಕೆಯನ್ನು ಮುಚ್ಚಲಾಗಿದೆ.’”

ಜೋಡಿಸಿದೆ. ಹುಸೇನಸಾಬ ಒಂದು ಹಾಳೆ ತೆಗೆದು ಕಿಟಕಿಯ ಗಾಳಿಗೆ ಹಿಡಿದ. ‘ಮುಚ್ಚಲಾಗಿದೆ’ ಹಸಿಯಾಗಿತ್ತು, ಅದು ಸರಿ, ಬಾಗಿಲಿಗೆ ಬೀಗ ಬಿದ್ದ ಮೇಲೆ ತಾನೇ ಒಣಗುತ್ತದೆ. ಆದರೆ ಕಾರಣವೂ ಹಸಿಯೇ.

“ಒಣಗಿಲ್ರಿ ಸಾಹೇಬ್ರ.”

“‘ಸುಳ್ಳು ಸುದ್ದಿ ಪ್ರಕಟಿಸಿದ ಕಾರಣ’ ಅಂತ ಮಾಡು.”

ಅದು ಹಾಳೆಯ ಮೇಲೆ ನಿಲ್ಲಲೂ ಇಲ್ಲ. ಜಾರಿ ಸಾಹೇಬರ ಪಾಯಜಾಮಕ್ಕೆ ಬಿತ್ತು. ಹುಸೇನಸಾಬ ಬಹಳ ಮರ್ಯಾದೆಯಿಂದ ಚಿಂದಿಯ ಬಟ್ಟೆ ಕೊಟ್ಟ. ‘ಕಟ್ಟಡ ಶಿಥಿಲವಾದ ಕಾರಣ’ ಎಂದರು; ಹಸಿ. ‘ಕಾಗದದ ಅಭಾವದಿಂದ’, ಹಸಿ. ‘ಸಂಪಾದಕರ ಅನಾರೋಗ್ಯದಿಂದ’ ಎಂದಾಗ ಮಾಸ್ತರು ಆಸೆಯಿಂದ ಒಮ್ಮೆ ಕೆಮ್ಮಿ ನೋಡಿದರು, ಉಪಯೋಗವಾಗಲಿಲ್ಲ. ಬೇಸತ್ತು ‘ಯಾವ ಕಾರಣವೂ ಇಲ್ಲದೆ’ ಎಂದರು. ಅದೂ ಹರಿಯಿತು.

“ಕಾರಣ ಐತಲ್ರಿ ಮತ್ತ” ಎಂದ ಭೀಮಪ್ಪ, ಯಾರೂ ಕೇಳದಿದ್ದರೂ.

“ನೀ ಬಾಯಿ ಮುಚ್ಚಲೇ.”

ಮಧ್ಯಾಹ್ನವಾಯಿತು. ಸಾಹೇಬರ ಟವೆಲ್ಲು ಪೂರ್ತಿ ಕಪ್ಪಾಗಿತ್ತು. ನಾನು ಒಂದೊಂದು ಸಲವೂ ಮೊಳೆ ಬಿಚ್ಚಿ, ತೊಳೆದು, ಖಾನೆಗೆ ಹಾಕಿ, ಮತ್ತೆ ಜೋಡಿಸುತ್ತಿದ್ದೆ. “ನಿನ್ನ ಕೈ ಸ್ವಲ್ಪ ಜೋರಿಲೆ ನಡೀಲಿ” ಎಂದು ರೇಗಿದರು. “ಅವಸರ ಮಾಡಿದ್ರ ಅಕ್ಷರ ತಪ್ಪತಾವ್ರಿ. ನೀವು ಹೇಳ್ರಿ, ನನಗೇನೂ ಅವಸರ ಇಲ್ಲ” ಎಂದೆ.

ಹನ್ನೆರಡನೆಯ ಸಲ ಅವರು ಜಾಣತನ ಮಾಡಿದರು. ‘ಕಚೇರಿಯು ಹೊಡೆದ ಸುದ್ದಿಯನ್ನು ಜನರು ಊಹಿಸುವಂತೆ ಮಾಡಿದ ಕಾರಣ.’ ಹಾಳೆಯನ್ನು ಗಾಳಿಗೆ ಹಿಡಿದರೆ ಹರಿಯಲಿಲ್ಲ. ಸಾಹೇಬರು ಎದ್ದು ನಿಂತರು. ಬೆರಳಿಟ್ಟರೆ ಪಾಕದಂತೆ ನೂಲೆಳೆಯಿತು. ಅರ್ಧ ನಿಜ. ಆದರೂ ಆಸೆ ಬಿಡದೆ ಮುದ್ರೆ ಒತ್ತಿಸಿದರು. ಮುದ್ರೆ ಎತ್ತುವಾಗ ಅಕ್ಷರಗಳೆಲ್ಲ ಅದಕ್ಕೇ ಅಂಟಿಕೊಂಡು ಎದ್ದು ಬಂದು ಹಾಳೆ ಬೋಳಾಯಿತು.

“‘ಯಾವ ಸುದ್ದಿ’ ಅಂತ ಹೇಳಬೇಕೇನೋ ಸಾಹೇಬ್ರ” ಎಂದರು ಮಾಸ್ತರು, ಮೆಲ್ಲಗೆ.

ನಿಂಬಾಳಕರ ಸಾಹೇಬರು ಕಿಟಕಿಯ ಹೊರಗಿನ ಬಿಸಿಲನ್ನು ನೋಡಿದರು. ನೆರಳು ಉದ್ದವಾಗತೊಡಗಿತ್ತು. ನಮ್ಮೂರಿನ ಅಧಿಕಾರಿಗಳಿಗೆಲ್ಲ ಇರುವ ರೋಗ ಅವರಿಗೂ ಇತ್ತು. ಹಸಿ ಕಾಗದದ ನಡುವೆ ಬದುಕಿ ಬದುಕಿ, ಹಾಳೆ ಕೈಗೆ ಬಂದರೆ ಅದರಲ್ಲಿ ಏನಿದೆ ಎಂದು ನೋಡುವುದಿಲ್ಲ. ಒಣಗಿದೆಯೇ ಎಂದಷ್ಟೇ ಮುಟ್ಟಿ ನೋಡುತ್ತಾರೆ. ಹದಿಮೂರನೆಯ ಸಲ ಹೇಳಿದರು: “‘ಒಳಗಿನ ಹೆಣ್ಣುಮಕ್ಕಳ ತಪ್ಪಿನಿಂದ ಸುಟ್ಟ ಹತ್ತಿ ಮಳಿಗೆಯ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಲಾಗಿತ್ತೆಂಬುದನ್ನು ಜನರಿಗೆ ತಿಳಿಸಿದ ಕಾರಣ.’”

ನನ್ನ ಕೈ ಒಂದು ಗಳಿಗೆ ಖಾನೆಯ ಮೇಲೇ ನಿಂತಿತು. ಮಾಸ್ತರು ಛಾವಣಿ ನೋಡುತ್ತಿದ್ದರು. ಜೋಡಿಸಿದೆ. ಹಾಳೆ ಬಂತು. ‘ಬಾಗಿಲಿಗೆ’ ಒಣಗಿತ್ತು, ‘ಹೊರಗಿನಿಂದ’ ಒಣಗಿತ್ತು, ‘ಬೀಗ’ ಒಣಗಿತ್ತು. ಒಂದೇ ಒಂದು ಕಡೆ ಒದ್ದೆ.

“ಎಲ್ಲಾ ಒಣಗೇತ್ರಿ ಸಾಹೇಬ್ರ. ‘ತಪ್ಪಿನಿಂದ’ ಅನ್ನೂದೊಂದು ಒಣಗವಲ್ದು.”

“ತಗಿ ಅದನ್ನ.”

“ತಗದ್ರ ವಾಕ್ಯ ಕುಂಟತೈತ್ರಿ. ‘ತಪ್ಪಿಲ್ಲದೆ’ ಅಂತ ಮಾಡಲೇನ್ರಿ?”

“ಏನರ ಮಾಡವಾ, ಒಣಗಿದ್ರ ಸಾಕು!”

ಮಾಡಿದೆ. ಹುಸೇನಸಾಬ ಹಾಳೆ ಎತ್ತುವುದರೊಳಗೆ ಕಾರಣವೆಲ್ಲ ಒಣಗಿತ್ತು. ಸಾಹೇಬರು ಬೆರಳು ಆಡಿಸಿದರು, ಬೆರಳನ್ನು ನೋಡಿಕೊಂಡರು, ನಕ್ಕರು. ಅಷ್ಟು ತಿಂಗಳಲ್ಲಿ ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಭೀಮಪ್ಪ ಪೆಟ್ಟಿಗೆ ತೆರೆದ, ಮುದ್ರೆ ಬಿತ್ತು, ಹಾಳೆಯನ್ನು ಚಾವಡಿಗೆ ಒಯ್ದ. ಹಚ್ಚಿದ ಮೇಲೆ ಗಟ್ಟಿಯಾಗಿ ಓದಿ ಹೇಳುವುದು ಪಟ್ಟೇವಾಲನ ಕೆಲಸ. ಅವನಿಗೆ ದೇವರು ಒಳ್ಳೆಯ ಕಂಠ ಕೊಟ್ಟಿದ್ದಾನೆ. “ಒಳಗಿನ ಹೆಣ್ಣುಮಕ್ಕಳ ತಪ್ಪಿಲ್ಲದೆ ಸುಟ್ಟ ಹತ್ತಿ ಮಳಿಗೆಯ…” ಎಂಬುದು ಅಚ್ಚುಕೂಟದ ತನಕ ಕೇಳಿಬಂದಾಗ ಸಾಹೇಬರ ಮುಖದ ನಗೆ ನಿಧಾನವಾಗಿ ಆರಿತು. ತಾವು ಹೇಳಿದ್ದನ್ನು ಅವರು ಆಗಷ್ಟೇ ಕೇಳಿಸಿಕೊಂಡರು.

ಆದರೂ ಎದೆಗುಂದಲಿಲ್ಲ. “ಇರಲಿ. ಬೀಗ ಹಾಕೂಣು. ಕೊನೀ ಸಾಲು ಒಣಗಲಿ” ಎಂದು ಎದ್ದರು. ನಮ್ಮನ್ನು ಹೊರಗೆ ಕಳಿಸುವ ಮೊದಲೇ ಬಾಗಿಲಲ್ಲಿ ಹುಲಿಗೆವ್ವ ನಿಂತಿದ್ದಳು. ಅವಳ ಹಿಂದೆ, ದುರಸ್ತಿಯಾಗಿ ಮತ್ತೆ ಶುರುವಾಗಿದ್ದ ಹತ್ತಿ ಮಳಿಗೆಯ ಎರಡೂ ಪಾಳಿಯ ಹೆಂಗಸರು, ತಲೆಯಲ್ಲಿ ಇನ್ನೂ ಅರಳೆಯ ಎಳೆಗಳು. ಒಬ್ಬೊಬ್ಬರಾಗಿ ಒಳಗೆ ಬಂದರು. ಖಾನೆಗಳ ನಡುವೆ, ಯಂತ್ರದ ಸುತ್ತ, ಕಾಗದದ ಕಟ್ಟುಗಳ ಮೇಲೆ, ಜಾಗ ಸಿಕ್ಕಲ್ಲಿ ಕುಳಿತರು. ನಲವತ್ತು ಜನ ಇದ್ದಿರಬೇಕು. ಹುಲಿಗೆವ್ವ ನನ್ನ ಪಕ್ಕದಲ್ಲಿ ಕುಳಿತು ಸೆರಗಿನಿಂದ ಗಾಳಿ ಹಾಕಿಕೊಂಡಳು.

“ಎಲ್ಲಾರೂ ಹೊರಗ ನಡೀರಿ” ಎಂದರು ಸಾಹೇಬರು. “ಈ ಮನಿಗೆ ಬೀಗ ಹಾಕೂದದ.”

“ಹಾಕ್ರಿ” ಎಂದಳು ಹುಲಿಗೆವ್ವ. “ಯಾರು ಬ್ಯಾಡಂದ್ರು? ಹೊರಗಿಂದನ ಹಾಕ್ರಿ. ನಮಗ ರೂಢಿ ಐತಿ.”

ಸಾಹೇಬರು ಹೊಸ್ತಿಲು ದಾಟಿ ಹೊರಗೆ ಹೋಗಿ, “ಭೀಮಪ್ಪ, ಹಾಕು” ಎಂದರು. ಚಾವಡಿಯಿಂದ ಆಗಷ್ಟೇ ಬಂದಿದ್ದ ಭೀಮಪ್ಪ ಸೊಂಟದಿಂದ ಬೀಗ ತೆಗೆದ. ಬಾಗಿಲ ಬಳಿ ಬಂದು ಒಳಗೆ ನೋಡಿದ. ಹನ್ನೊಂದು ಹೆಸರುಗಳಲ್ಲಿ ನಾಲ್ಕನೆಯದು ಅವನ ಸೋದರತ್ತೆಯ ಸೊಸೆಯದೆಂದು ನನಗೆ ಆಗ ನೆನಪಾಯಿತು. ಅವನಿಗೆ ಏಳು ತಿಂಗಳಿಂದಲೂ ನೆನಪಿದ್ದಿರಬೇಕು. ಬೀಗವನ್ನು ಕೈಯಿಂದ ಕೈಗೆ ಬದಲಾಯಿಸಿದ. ಆಮೇಲೆ ಬಗ್ಗಿ, ಮೊಟ್ಟೆ ಇಡುವ ಹಾಗೆ ಮೆಲ್ಲಗೆ, ಅದನ್ನು ಮೆಟ್ಟಿಲ ಮೇಲೆ ಇಟ್ಟ.

“ನೀವ ಹಾಕ್ರಿ ಸಾಹೇಬ್ರ” ಎಂದು, ಅಡ್ಡಪಟ್ಟಿ ಸರಿಮಾಡಿಕೊಂಡು ಮನೆಯ ದಾರಿ ಹಿಡಿದ.

ನಿಂಬಾಳಕರ ಸಾಹೇಬರು ಬೀಗದ ಮುಂದೆ ಬಹಳ ಹೊತ್ತು ನಿಂತಿದ್ದರು. ಬೀದಿಯಲ್ಲಿ ಜನ ಸೇರಿತ್ತು, ಯಾರೂ ಕೂಗಲಿಲ್ಲ, ಕಲ್ಲೆಸೆಯಲಿಲ್ಲ, ಸುಮ್ಮನೆ ನೋಡುತ್ತಿದ್ದರು. ಅವರು ಬಗ್ಗಿದರು, ಎತ್ತಿದರು, ಚಿಲಕದ ತನಕ ಒಯ್ದರು. ಹುಲಿಗೆವ್ವ ನನ್ನ ಕೈ ಹಿಡಿದಳು. ಅವಳ ಕೈ ತಣ್ಣಗಿತ್ತು. ಮಾತು ಅಷ್ಟು ಗಟ್ಟಿ, ಕೈ ಇಷ್ಟು ತಣ್ಣಗೆ. ಸಾಹೇಬರು ಒಳಗಿದ್ದ ನಮ್ಮನ್ನೆಲ್ಲ ಒಮ್ಮೆ ನೋಡಿದರು, ಎಣಿಸುವವರ ಹಾಗೆ. ಬೀಗವನ್ನು ಜೇಬಿಗೆ ಹಾಕಿಕೊಂಡು, ತಲೆ ತಗ್ಗಿಸಿ, ಹೊಳೆಯ ಕಡೆ ನಡೆದುಹೋದರು. ಅವರಿಗೆ ಆಮೇಲೆ ಬೇರೆ ಊರಿಗೆ ವರ್ಗವಾಯಿತಂತೆ. ಅಲ್ಲಿ ಶಾಯಿ ಎಲ್ಲ ಊರಿನ ಶಾಯಿಯ ಹಾಗೆ ಒಣಗುತ್ತದೆಯಂತೆ. ಅವರಿಗೆ ನಿದ್ದೆ ಚೆನ್ನಾಗಿ ಬರುತ್ತಿರಲಿ.

ಹೊತ್ತು ಮುಳುಗಿತು. ಚಾವಡಿಯ ಗೋಡೆಯ ಮೇಲೆ ‘ಡಂಗುರ ಪತ್ರಿಕೆಯನ್ನು ಮುಚ್ಚಲಾಗಿದೆ’ ಎಂಬ ಸಾಲು ಹಸಿಯಾಗಿಯೇ ಉಳಿದು, ಕೆಳಗಿಳಿದು, ಕಟ್ಟೆಯ ಮೇಲೆ ಮಲಗಿದ್ದ ನಾಯಿಯ ಬೆನ್ನಿಗೆ ಬಿತ್ತು. ಆಜ್ಞೆ ಬಿದ್ದುಹೋಯಿತು. ಮೇಲಿನ ಕಾರಣ ಮಾತ್ರ ಮುದ್ರೆ ಸಮೇತ ಹಾಗೇ ನಿಂತಿತು, ಕಲ್ಲಿನಲ್ಲಿ ಕೆತ್ತಿದ ಹಾಗೆ. ಸತ್ತವರ ಮನೆಯವರು ಬಂದು ಅದರ ಮೇಲೆ ಕೈಯಾಡಿಸಿ, ಕೈ ನೋಡಿಕೊಂಡು, ಮಕ್ಕಳಿಗೆ ತೋರಿಸಿ ಹೋಗುತ್ತಿದ್ದರು. ಯಂಕೋಬ ಅಂದು ಬಾಕಿಯ ಪಟ್ಟಿಯನ್ನೇ ಹರಿದುಹಾಕಿ ಎಲ್ಲರಿಗೂ ಚಹಾ ಕೊಟ್ಟ. ಮಳಿಗೆಯ ದಾರೋಗರು ಮನೆಯಿಂದ ಹೊರಗೆ ಬರಲಿಲ್ಲ.

ಮರುದಿನದ ಪತ್ರಿಕೆಯ ಮೊದಲ ಪುಟವನ್ನು ನಾನು ಜೋಡಿಸಿದೆ. ಆ ನಾಲ್ಕು ಮಾತು ತಲೆಬರಹವಾಗಿ ಬಂದವು, ನಮ್ಮಲ್ಲಿದ್ದ ಎಲ್ಲಕ್ಕಿಂತ ದಪ್ಪ ಮೊಳೆಯಲ್ಲಿ. ಕರಡು ಹೊತ್ತುಕೊಂಡು ಹೋಗಲು ಭೀಮಪ್ಪ ಬಂದ, ಏನೂ ಆಗದವನಂತೆ. ಕಚೇರಿಯಿಂದ ಒಂದು ಕೆಂಪು ಗೀಟೂ ಇಲ್ಲದೆ ವಾಪಸು ಬಂತು. ಮುದ್ರೆ ಬಿದ್ದು ಅಚ್ಚಾದದ್ದನ್ನು ಹೊಡೆಯುವುದು ಹೇಗೆ?

ಹುಸೇನಸಾಬ ಯಂತ್ರ ತಿರುಗಿಸುತ್ತಿದ್ದಾಗ ನಾನು ಖಾನೆಯ ಪಕ್ಕದಲ್ಲೇ ಕುಳಿತು ಕಾಗದ ಬರೆದೆ. ಟ್ರಂಕಿನಲ್ಲಿದ್ದ ಹಳೆಯದನ್ನು ಕಳಿಸಬಹುದಿತ್ತು. ಆದರೆ ಅದರಲ್ಲಿ ಎರಡೇ ಸಾಲಿದ್ದವು. ಏಳು ತಿಂಗಳಿಗೆ ಎರಡು ಸಾಲು ಸಾಲದು. ನನ್ನ ಅಕ್ಷರ ದೊಡ್ಡದು, ಕೈ ನಿಧಾನ. ಮೂರು ಹಾಳೆ ಹಿಡಿಯಿತು.

‘ಚಿರಂಜೀವಿ ತಂಗಿ ಪಾರವ್ವನಿಗೆ ಅಕ್ಕ ಸಾವಂತ್ರವ್ವನ ಆಶೀರ್ವಾದ. ನಿನ್ನ ಮಗಳು ಬೆಂಕಿ ಹಚ್ಚಲಿಲ್ಲ. ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿತ್ತು. ಸರ್ಕಾರವೇ ಮುದ್ರೆ ಒತ್ತಿ ಒಪ್ಪಿಕೊಂಡಿದೆ, ಪತ್ರಿಕೆ ಇದರ ಜೊತೆಗಿದೆ, ಮುಟ್ಟಿ ನೋಡು. ಆ ದಿನ ಅವಳು ಹಸಿರು ಸೀರೆ ಉಟ್ಟಿದ್ದಳು. ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡು ಹೋಗಿದ್ದಳು. ಬಾಗಿಲಲ್ಲಿ ತಿರುಗಿ, ಸಂಜೆಗೆ ಬೇಗ ಬರುತ್ತೇನೆ ದೊಡ್ಡವ್ವ ಅಂದಳು. ಯಾರ ಕಾಲನ್ನೂ ಹಿಡಿಯಬೇಡ. ಎಡೆ ಇಡು. ಅವಳಿಗೆ ಸೇರುವ ಹಾಗೆ ಸಿಹಿ ಜಾಸ್ತಿ ಹಾಕು. ತಡವಾಯಿತು, ಕ್ಷಮಿಸು. ನಾನು ಸುಮ್ಮನೆ ಕುಳಿತಿರಲಿಲ್ಲ.’

ಕೊನೆಯ ಸಾಲು ಒಣಗುವುದೋ ಇಲ್ಲವೋ ಎಂದು ಕಾದೆ. ಒಣಗಿತು.

ಅಂಚೆ ಮಾಸ್ತರು ಮೂರೂ ಹಾಳೆ ಓದಿದರು. ಓದಬೇಕಾದದ್ದು ಅವರ ಕೆಲಸ, ಆದರೆ ಅಷ್ಟು ಹೊತ್ತು ಬೇಕಿರಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಹೆಬ್ಬೆರಳನ್ನು ಮಾತ್ರ ಆಡಿಸಲಿಲ್ಲ.

“ಮುಟ್ಟಿ ನೋಡಂಗಿಲ್ಲೇನ್ರಿ?” ಎಂದೆ.

“ಹೋಗಬೇ, ಗಾಡಿ ನಿಂತದ” ಎಂದು ಠಸ್ಸೆ ಹೊಡೆದು, ಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ತಾವೇ ಎದ್ದು ಹೊರಗೆ ಒಯ್ದು ಗಾಡಿಯವನ ಕೈಗೆ ಕೊಟ್ಟರು. ಗಾಡಿಯವನು ಎತ್ತಿನ ಬೆನ್ನು ಚಪ್ಪರಿಸಿದ. ಅಂಚೆ ಕಚೇರಿಯ ಕಟ್ಟೆಯಿಂದಲೇ ಕಾಣುವ ಹೊಳೆಯ ನಾಕಾದಲ್ಲಿ ಗಾಡಿ ನಿಂತಿತು. ಕಾವಲಿನವನು ಚೀಲದ ಬಾಯಿ ಬಿಚ್ಚಿ ಒಳಗೆ ಕೈ ಹಾಕಿದ, ಒಂದು ಲಕೋಟೆ ತೆಗೆದ, ಬಿಸಿಲಿಗೆ ಹಿಡಿದ, ಮತ್ತೆ ಹಾಕಿದ. ಆಮೇಲೆ ಅಡ್ಡಗಳ ಎತ್ತಿದ.